ಪ್ರನಾಳದ ನೇರಳೆ, ಐಸಿಯುವಿನ ಬೆಳ್ಳಿ ಕಾಗದ: ನೈಟ್ರಿಕ್ ಆಕ್ಸೈಡ್‌ಗೂ ಗಂಧಕಕ್ಕೂ ಏನು ನಂಟು?

ಸಿಂಧನೂರು ಉಪನ್ಯಾಸಕ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ತಂದೆಯವರ ರಕ್ತದೊತ್ತಡ ಏಕಾಏಕಿ ಏರಿದ್ದರಿಂದ ಅವರನ್ನು ಬಳ್ಳಾರಿಯ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಎರಡು ದಿನ ಇರಿಸಬೇಕಾಯಿತು. ಈಗ ಆರಾಮಾಗಿದ್ದಾರೆ, ನಾನು ಕೇಳಬೇಕೆಂದಿರುವುದು ಬೇರೆಯೇ ವಿಷಯ. ಮಂಚದ ಪಕ್ಕದ ಸಿರಿಂಜ್ ಪಂಪಿಗೂ ಅದರಿಂದ ಹೊರಟ ನಳಿಕೆಗೂ ಬೆಳ್ಳಿ ಕಾಗದ ಸುತ್ತಿದ್ದರು. ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಸೋಡಿಯಂ ನೈಟ್ರೋಪ್ರಸೈಡ್ ಎಂಬ ಹೆಸರನ್ನು ಓದಿದಾಗ ನನ್ನ ಎದೆ ಒಮ್ಮೆ ಝಲ್ಲೆಂದಿತು.

ಪಿಯು ಮಕ್ಕಳಿಗೆ ಲಾಸೇನ್ ಪರೀಕ್ಷೆ ಮಾಡಿಸುವಾಗ ಗಂಧಕವನ್ನು ಪತ್ತೆಹಚ್ಚಲು ನಾವು ಬಳಸುವುದು ಇದೇ ಲವಣವನ್ನು. ಮಾಣಿಕ್ಯದ ಬಣ್ಣದ ಆ ಹರಳುಗಳನ್ನು ನೀರಿನಲ್ಲಿ ಕರಗಿಸಿ, ಸೋಡಿಯಂ ಜೊತೆ ಕಾಯಿಸಿ ತೆಗೆದ ಸಾರಕ್ಕೆ ಎರಡು ಹನಿ ಬಿಟ್ಟರೆ, ಗಂಧಕವಿದ್ದಲ್ಲಿ ಪ್ರನಾಳದ ತುಂಬ ನೇರಳೆ ಬಣ್ಣ ಹರಡುತ್ತದೆ. ಆ ಅಯಾನಿನ ನಡುವೆ ಒಂದು ಕಬ್ಬಿಣದ ಪರಮಾಣು, ಅದರ ಸುತ್ತ ಐದು ಸೈನೈಡ್‌ಗಳು, ಆರನೆಯ ಜಾಗದಲ್ಲಿ ಒಂದು ನೈಟ್ರೋಸಿಲ್ (ಸಾರಜನಕ-ಆಮ್ಲಜನಕದ ಜೋಡಿ) ಇರುತ್ತವೆ ಎಂದು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಐದು ಸೈನೈಡ್‌ಗಳಿರುವ ವಸ್ತುವನ್ನು ರಕ್ತಕ್ಕೆ ಬಿಡುವುದು ಹೇಗೆ ಸಾಧ್ಯ? ಪ್ರನಾಳದಲ್ಲಿ ಗಂಧಕವನ್ನು ಹಿಡಿಯುವ ಅದೇ ನೈಟ್ರೋಸಿಲ್ ಮೈಯೊಳಗೂ ಗಂಧಕದ ಜೊತೆ ಏನಾದರೂ ವ್ಯವಹಾರ ನಡೆಸುತ್ತದೆಯೇ? ವೈದ್ಯರೂ ಜೀವರಸಾಯನಶಾಸ್ತ್ರ ಬಲ್ಲವರೂ ಇಲ್ಲಿರುವುದರಿಂದ ಕೇಳುತ್ತಿದ್ದೇನೆ.

ಬಳ್ಳಾರಿ ಅರಿವಳಿಕೆ ವೈದ್ಯೆ

ಸರ್, ತಮ್ಮ ತಂದೆಯವರು ಗುಣಮುಖರಾಗಿರುವುದು ಸಂತೋಷದ ವಿಷಯ. ಬೆಳ್ಳಿ ಕಾಗದ ಸುತ್ತುವುದು ಬೆಳಕಿಗಾಗಿ. ಬೆಳಕು ತಗುಲಿದರೆ ಈ ಅಯಾನು ಒಡೆಯತೊಡಗುತ್ತದೆ. ತಿಳಿ ಕಂದು ಛಾಯೆಯ ದ್ರಾವಣ ನೀಲಿ ಅಥವಾ ಹಸಿರಿಗೆ ತಿರುಗಿದ್ದರೆ ನಾವು ಅದನ್ನು ಚೆಲ್ಲಿ ಹೊಸದಾಗಿ ಬೆರೆಸಿಕೊಳ್ಳುತ್ತೇವೆ.

ರಕ್ತದೊಳಗೆ ಹೋದಾಗ ಈ ಔಷಧವು ನೈಟ್ರಿಕ್ ಆಕ್ಸೈಡ್ ಅನ್ನು ಬಿಟ್ಟುಕೊಡುತ್ತದೆ. ಆ ಅನಿಲ ರಕ್ತನಾಳದ ಗೋಡೆಯ ನುಣುಪು ಸ್ನಾಯುವಿನೊಳಗೆ ಇಳಿದು, ಗ್ವಾನಿಲೇಟ್ ಸೈಕ್ಲೇಸ್ ಎಂಬ ಕಿಣ್ವದ ಹೀಮ್ ಕಬ್ಬಿಣವನ್ನು ಹಿಡಿಯುತ್ತದೆ. ಹಿಡಿದೊಡನೆ ಕಬ್ಬಿಣಕ್ಕೂ ಅದರ ಬೆನ್ನಿಗಿರುವ ಹಿಸ್ಟಿಡಿನ್‌ಗೂ ನಡುವಿನ ಬಂಧ ಕಡಿದುಹೋಗಿ ಕಿಣ್ವ ಎಚ್ಚೆತ್ತುಕೊಳ್ಳುತ್ತದೆ, ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕ ಅಣು ತಯಾರಾಗುತ್ತದೆ, ಸ್ನಾಯು ಸಡಿಲವಾಗಿ ನಾಳ ಅಗಲವಾಗುತ್ತದೆ. ನಮ್ಮ ದೇಹವೂ ಅರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ಇದೇ ಅನಿಲವನ್ನು ಸದಾ ತಯಾರಿಸುತ್ತಿರುತ್ತದೆ. ನೈಟ್ರೋಗ್ಲಿಸರಿನ್‌ನಂಥ ಔಷಧಗಳು ನೈಟ್ರಿಕ್ ಆಕ್ಸೈಡ್‌ನ ಮೂಲಕವೇ ಕೆಲಸ ಮಾಡುತ್ತವೆಂದು ಫೆರಿಡ್ ಮುರಾದ್ 1977ರಲ್ಲಿ ತೋರಿಸಿದ್ದರು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ಪಟ್ಟಿಗಳ ಮೇಲೆ ಪ್ರಯೋಗ ಮಾಡುವಾಗ, ಒಳಪದರ ಉಜ್ಜಿಹೋದ ಪಟ್ಟಿಗಳು ಅಸಿಟೈಲ್‌ಕೋಲಿನ್ ಹಾಕಿದರೂ ಸಡಿಲವಾಗುವುದಿಲ್ಲವೆಂದು ಕಂಡುಕೊಂಡರು. ಆ ಒಳಪದರ ಕಳುಹಿಸುತ್ತಿದ್ದ ಅಜ್ಞಾತ ಸಂದೇಶವಾಹಕ ನೈಟ್ರಿಕ್ ಆಕ್ಸೈಡ್ ಎಂಬುದು ಖಚಿತವಾದದ್ದು 1987ರ ಹೊತ್ತಿಗೆ. ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಮುರಾದ್ ಅವರಿಗೆ 1998ರ ನೊಬೆಲ್ ಪ್ರಶಸ್ತಿ ಬಂತು.

ಸೈನೈಡ್ ಬಗ್ಗೆ ತಾವು ಹೆದರಿದ್ದು ತಪ್ಪಲ್ಲ, ನಾವೂ ಹೆದರಿಕೊಂಡೇ ಈ ಔಷಧವನ್ನು ಕೊಡುವುದು. ಒಂದೊಂದು ಅಯಾನಿನಿಂದ ಐದು ಸೈನೈಡ್‌ಗಳು ಹೊರಬೀಳುತ್ತವೆ. ಒಂದಷ್ಟು ಮೆಟ್‌ಹಿಮೋಗ್ಲೋಬಿನ್‌ಗೆ (ಆಮ್ಲಜನಕ ಹೊರಲಾರದ ರೂಪದ ಹಿಮೋಗ್ಲೋಬಿನ್‌ಗೆ) ಅಂಟಿಕೊಳ್ಳುತ್ತದೆ; ಉಳಿದದ್ದಕ್ಕೆ ರೊಡನೇಸ್ ಎಂಬ ಕಿಣ್ವವು ಥಯೋಸಲ್ಫೇಟ್‌ನಿಂದ ಒಂದು ಗಂಧಕದ ಪರಮಾಣುವನ್ನು ತೆಗೆದು ಜೋಡಿಸಿ, ಅದನ್ನು ಥಯೋಸಯನೇಟ್ ಆಗಿಸುತ್ತದೆ. ಅದು ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಔಷಧದ ವೇಗಕ್ಕೂ ಅವಧಿಗೂ ನಾವು ಮಿತಿ ಹಾಕಿಕೊಳ್ಳುವುದು, ಮೂತ್ರಪಿಂಡ ಸೋತವರಲ್ಲಿ ಎರಡು ಪಟ್ಟು ಎಚ್ಚರ ವಹಿಸುವುದು ಈ ಕಾರಣಕ್ಕೇ. ಮೈಯಲ್ಲಿ ದಾನಕ್ಕೆ ಸಿಗುವ ಗಂಧಕ ಎಷ್ಟಿದೆಯೋ ಅಷ್ಟೇ ರಕ್ಷಣೆ.

ಸಿಂಧನೂರು ಉಪನ್ಯಾಸಕ

ಡಾಕ್ಟರೇ, ಥಯೋಸಯನೇಟ್ ಎಂಬ ಹೆಸರು ನೋಡಿ ನಕ್ಕುಬಿಟ್ಟೆ. ಲಾಸೇನ್ ಸಾರದಲ್ಲಿ ಸಾರಜನಕ, ಗಂಧಕ ಎರಡೂ ಇದ್ದು ಸೋಡಿಯಂ ಸಾಕಾಗದೇ ಹೋದರೆ, ನೈಟ್ರೋಜನ್ ಪರೀಕ್ಷೆಯಲ್ಲಿ ಪ್ರಷ್ಯನ್ ನೀಲಿ ಬರುವುದರ ಬದಲು ರಕ್ತಗೆಂಪು ಬಣ್ಣ ಬರುತ್ತದೆ. ಅದು ಫೆರಿಕ್ ಥಯೋಸಯನೇಟ್. ಮಕ್ಕಳು ಪ್ರಯೋಗ ಕೆಟ್ಟಿತೆಂದು ಪ್ರನಾಳವನ್ನು ಚೆಲ್ಲಲು ಹೋಗುತ್ತಾರೆ. ಪ್ರನಾಳದಲ್ಲಿ ಕಾವು ಮಾಡುವ ಕೆಲಸವನ್ನು ಯಕೃತ್ತಿನಲ್ಲಿ ಕಿಣ್ವ ಮಾಡುತ್ತದೆ ಎಂದಾಯಿತು.

ಹಟ್ಟಿ ನಿವಾಸಿ

ಗಣಿಯ ಊರಿನವನಾದ್ದರಿಂದ ಒಂದು ಮಾತು. ಅದಿರಿನ ಪುಡಿಯಿಂದ ಚಿನ್ನವನ್ನು ಕರಗಿಸಿ ತೆಗೆಯಲು ಇಲ್ಲಿ ಸೈನೈಡ್ ದ್ರಾವಣವನ್ನೇ ಬಳಸುತ್ತಾರೆ. ಸೈನೈಡ್ ವಿಷಕ್ಕೆ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಎರಡನ್ನೂ ಪ್ರತಿವಿಷವಾಗಿ ಕೊಡುತ್ತಾರೆಂದು ಕೇಳಿದ್ದೆ. ಒಂದರಲ್ಲಿ ಸಾರಜನಕ, ಇನ್ನೊಂದರಲ್ಲಿ ಗಂಧಕ ಏಕೆ ಎಂಬುದು ಮೇಲಿನ ವಿವರಣೆ ಓದಿದ ಮೇಲೆ ತಿಳಿಯಿತು. ನೈಟ್ರೈಟ್ ಹಿಮೋಗ್ಲೋಬಿನ್ ಅನ್ನು ಮೆಟ್‌ಹಿಮೋಗ್ಲೋಬಿನ್ ಆಗಿಸಿ ಸೈನೈಡ್ ಅನ್ನು ಹಿಡಿದಿಡುತ್ತದೆ, ಥಯೋಸಲ್ಫೇಟ್ ಅದನ್ನು ಸಾಗಹಾಕುತ್ತದೆ. ಸರಿಯೇ?

ಬಳ್ಳಾರಿ ಅರಿವಳಿಕೆ ವೈದ್ಯೆ

ಸರಿ. ಹೈಡ್ರೋಜನ್ ಸಲ್ಫೈಡ್ ವಿಷವೇರಿದಾಗಲೂ ನೈಟ್ರೈಟ್ ಕೊಡುವುದುಂಟು. ಮೆಟ್‌ಹಿಮೋಗ್ಲೋಬಿನ್ ಸಲ್ಫೈಡ್ ಅನ್ನೂ ಹಿಡಿಯುತ್ತದೆ. ಸೈನೈಡ್, ಸಲ್ಫೈಡ್ ಎರಡೂ ಉಸಿರಾಟದ ಕೊನೆಯ ಕಿಣ್ವವಾದ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಅನ್ನು ಕಟ್ಟಿಹಾಕುತ್ತವೆ. ನೈಟ್ರಿಕ್ ಆಕ್ಸೈಡ್ ಕೂಡ ಅದೇ ಕಿಣ್ವಕ್ಕೆ ತಗುಲಿಕೊಳ್ಳುತ್ತದೆ, ಆದರೆ ಬೇಗ ಬಿಟ್ಟುಬಿಡುತ್ತದೆ.

ಕೊಪ್ಪಳ ಸಂಶೋಧನಾ ವಿದ್ಯಾರ್ಥಿನಿ

ಗುರುಗಳೇ, ತಮ್ಮ ಎರಡನೆಯ ಪ್ರಶ್ನೆ ನನ್ನ ಓದಿನ ವಿಷಯಕ್ಕೆ ಹತ್ತಿರದ್ದಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ನೈಟ್ರೋಪ್ರಸೈಡ್‌ನಲ್ಲಿರುವ ನೈಟ್ರೋಸಿಲ್ ಧನ ವಿದ್ಯುದಂಶದ ಸ್ವಭಾವದ್ದು, ಅಂದರೆ ಅದರ ಸಾರಜನಕಕ್ಕೆ ಎಲೆಕ್ಟ್ರಾನ್‌ಗಳ ಹಸಿವು ಇದೆ. ಕ್ಷಾರೀಯ ದ್ರಾವಣದಲ್ಲಿರುವ ಸಲ್ಫೈಡ್‌ನ ಬಳಿ ಎಲೆಕ್ಟ್ರಾನ್‌ಗಳು ಧಾರಾಳವಾಗಿವೆ. ಗಂಧಕ ಹೋಗಿ ಆ ಸಾರಜನಕಕ್ಕೆ ಅಂಟಿಕೊಂಡಾಗ ಹುಟ್ಟುವ ಸಂಯುಕ್ತದ ಬಣ್ಣವೇ ನೇರಳೆ. ಸಿಸ್ಟೀನ್ ಎಂಬ ಅಮೈನೋ ಆಮ್ಲದಂಥ ಥಯಾಲ್‌ಗಳೂ (ಗಂಧಕ-ಹೈಡ್ರೋಜನ್ ಜೋಡಿಯಿರುವ ಸಂಯುಕ್ತಗಳು) ಕ್ಷಾರದಲ್ಲಿ ಇದೇ ಬಗೆಯ ಕೆಂಪು ನೇರಳೆಯನ್ನು ಕೊಡುತ್ತವೆ. ಮೂತ್ರದಲ್ಲಿ ಸಿಸ್ಟಿನ್ (ಎರಡು ಸಿಸ್ಟೀನ್‌ಗಳ ಜೋಡಿ) ಹೆಚ್ಚಿರುವ ಆನುವಂಶಿಕ ಕಾಯಿಲೆಯನ್ನು ಗುರುತಿಸುವ ಹಳೆಯ ಪರೀಕ್ಷೆಯೊಂದು ಇದನ್ನೇ ನೆಚ್ಚಿಕೊಂಡಿತ್ತು. ಹಾಗಾಗಿ ಮೈಯೊಳಗೂ ಥಯಾಲ್‌ಗಳು ಈ ಔಷಧವನ್ನು ತಟ್ಟುತ್ತವೆ, ಅದರಿಂದ ನೈಟ್ರಿಕ್ ಆಕ್ಸೈಡ್ ಬಿಡಿಸಿಕೊಳ್ಳುವುದರಲ್ಲಿ ಅವುಗಳ ಕೈವಾಡವೂ ಇದೆ.

ಆದರೆ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಕಾಣುತ್ತದೆ, ಪಠ್ಯಗಳಲ್ಲೂ ಇದೆ. ಬಿಡಿಯಾಗಿರುವ ನೈಟ್ರಿಕ್ ಆಕ್ಸೈಡ್ ಸೀದಾ ಹೋಗಿ ಥಯಾಲ್ ಜೊತೆ ಕೂಡಿಕೊಂಡು ಎಸ್-ನೈಟ್ರೋಸೋಥಯಾಲ್ (ಗಂಧಕದ ಮೇಲೆ ನೈಟ್ರೋಸಿಲ್ ಕೂತ ಸಂಯುಕ್ತ) ಆಗುತ್ತದೆಂದು ಬರೆಯುತ್ತಾರೆ. ಲೆಕ್ಕ ಹಾಕಿದರೆ ಅದು ಕೂಡಿಬರುವುದಿಲ್ಲ. ನೈಟ್ರಿಕ್ ಆಕ್ಸೈಡ್‌ನಲ್ಲಿ ಒಂಟಿ ಎಲೆಕ್ಟ್ರಾನ್ ಒಂದಿದೆ. ಥಯಾಲ್‌ನಲ್ಲಿ ಎಲ್ಲವೂ ಜೋಡಿ. ಎರಡೂ ಸೇರಿ ನೈಟ್ರೋಸೋಥಯಾಲ್ ಆಗಬೇಕಾದರೆ ಒಂದು ಎಲೆಕ್ಟ್ರಾನ್ ಮತ್ತು ಒಂದು ಪ್ರೋಟಾನ್ ಎಲ್ಲಾದರೂ ಹೊರಹೋಗಲೇಬೇಕು, ಅಂದರೆ ಅದನ್ನು ಈಸಿಕೊಳ್ಳುವವರು ಬೇಕು. ಆಮ್ಲಜನಕವು ಆ ಕೆಲಸ ಮಾಡಬಲ್ಲದು. ನೈಟ್ರಿಕ್ ಆಕ್ಸೈಡ್‌ನೊಂದಿಗೆ ಸೇರಿ ಅದು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಅದು ಥಯಾಲ್‌ನಿಂದ ಎಲೆಕ್ಟ್ರಾನ್ ಕಿತ್ತುಕೊಂಡು, ಒಂಟಿ ಎಲೆಕ್ಟ್ರಾನ್ ಉಳಿದ ಥೈಯಿಲ್ ರ‍್ಯಾಡಿಕಲ್ ಉಂಟುಮಾಡುತ್ತದೆ. ಈ ಒಂಟಿಗೆ ಇನ್ನೊಂದು ಒಂಟಿಯಾದ ನೈಟ್ರಿಕ್ ಆಕ್ಸೈಡ್ ಜೊತೆಯಾಗುತ್ತದೆ. ಇಲ್ಲೂ ಒಂದು ತೊಡಕಿದೆ. ಆಮ್ಲಜನಕದೊಂದಿಗಿನ ಆ ಕ್ರಿಯೆಯ ವೇಗ ನೈಟ್ರಿಕ್ ಆಕ್ಸೈಡ್ ಸಾರತೆಯ ವರ್ಗಕ್ಕೆ ಅನುಪಾತದಲ್ಲಿದೆ: ಸಾರತೆ ಹತ್ತರಲ್ಲೊಂದು ಪಾಲಿಗೆ ಇಳಿದರೆ ವೇಗ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಗಾಳಿಗೆ ತೆರೆದ ಜಾಡಿಯಲ್ಲಿ ಕಣ್ಣೆದುರೇ ಕಂದು ಹೊಗೆಯಾಗಬಲ್ಲ ಅನಿಲ, ಜೀವಕೋಶದೊಳಗಿನ ನ್ಯಾನೋಮೋಲಾರ್ ಮಟ್ಟದಲ್ಲಿ ಆಮ್ಲಜನಕವನ್ನು ಕಂಡೂ ಕಾಣದಂತೆ ಇದ್ದುಬಿಡುತ್ತದೆ. ಕೊಬ್ಬಿನ ಪೊರೆಗಳೊಳಗೆ ಎರಡೂ ಅನಿಲಗಳು ಹೆಚ್ಚು ಕರಗುವುದರಿಂದ ಅಲ್ಲಿ ಮಾತ್ರ ಈ ಕ್ರಿಯೆ ಚುರುಕು.

ಇನ್ನೊಂದು ದಾರಿ ಕಬ್ಬಿಣದ್ದು. ಜೀವಕೋಶದಲ್ಲಿ ಬಿಡಿಯಾಗಿ ಸಿಗುವ ಕಬ್ಬಿಣ, ಎರಡು ಥಯಾಲ್‌ಗಳು ಮತ್ತು ಎರಡು ನೈಟ್ರಿಕ್ ಆಕ್ಸೈಡ್‌ಗಳು ಸೇರಿ ಡೈನೈಟ್ರೋಸಿಲ್ ಕಬ್ಬಿಣದ ಸಂಕೀರ್ಣಗಳಾಗುತ್ತವೆ. ಎಲೆಕ್ಟ್ರಾನ್ ಈಸಿಕೊಳ್ಳುವ ಕೆಲಸವನ್ನು ಇಲ್ಲಿ ಕಬ್ಬಿಣವೇ ಮಾಡುತ್ತದೆ. ಇವುಗಳ ಪೂರ್ವಜರೆನ್ನಬಹುದಾದ ಕೆಂಪು ಮತ್ತು ಕಪ್ಪು ಲವಣಗಳನ್ನು ರೂಸ್ಸಿನ್ 1858ರಲ್ಲೇ ತಯಾರಿಸಿದ್ದರು. ಜೀವಿಗಳಲ್ಲಿ ಕಬ್ಬಿಣ-ಗಂಧಕದ ಗುಚ್ಛಗಳಿವೆ ಎಂಬ ಸುಳಿವೂ ಆಗ ಇರಲಿಲ್ಲ. ನಮ್ಮ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾಗಳ ಮೇಲೆ ನೈಟ್ರಿಕ್ ಆಕ್ಸೈಡ್ ಸುರಿದಾಗ ಮೊದಲು ಕುಸಿಯುವವುಗಳಲ್ಲಿ ಆ ಗುಚ್ಛಗಳೂ ಸೇರಿವೆ.

ಕೋಶದಲ್ಲಿ ಥಯಾಲ್‌ಗಳಿಗೆ ಬರವಿಲ್ಲ. ಗ್ಲುಟಾಥಯೋನ್ ಎಂಬ ಥಯಾಲ್ ಒಂದೇ 1ರಿಂದ 10 ಮಿಲಿಮೋಲಾರ್‌ನಷ್ಟಿರುತ್ತದೆ. ನೈಟ್ರೋಸೋಗ್ಲುಟಾಥಯೋನ್ ಹರಳುಗಳು ಗುಲಾಬಿ ಬಣ್ಣದವು. ಗಂಧಕಕ್ಕೆ ತಗುಲಿದ ಇಂಗಾಲಕ್ಕೆ ಮೂರು ಇಂಗಾಲಗಳು ಅಂಟಿಕೊಂಡಿದ್ದರೆ ನೈಟ್ರೋಸೋಥಯಾಲ್ ಹಸಿರಾಗುತ್ತದೆ. ಮೊದಲ ಸಲ ನಾನು ತಯಾರಿಸಿದ ಗುಲಾಬಿ ದ್ರಾವಣ ಮರುದಿನ ಬೆಳಿಗ್ಗೆ ನೀರಿನಂತೆ ತಿಳಿಯಾಗಿತ್ತು. ತೊಳೆದ ನೀರಿನಲ್ಲಿದ್ದ ತಾಮ್ರದ ಲೇಶವೇ ಸಾಕು, ಆ ಬಂಧ ಮುರಿಯುತ್ತದೆ, ಬೆಳಕೂ ಸಾಕು. ಬೆಳ್ಳಿ ಕಾಗದ ನಮ್ಮ ಮೇಜಿನ ಮೇಲೂ ಇರುತ್ತದೆ.

ಸಂಡೂರು ಗಣಿ ನಿವೃತ್ತ

ನಾನು ಓದಿದ್ದು ಕಡಿಮೆ, ಸಿಡಿಮದ್ದಿನ ಕೆಲಸದಲ್ಲಿ ಕಳೆದ ವರ್ಷಗಳು ಹೆಚ್ಚು. ಹಿಂದೆ ಜೆಲಟಿನ್ ಕಡ್ಡಿಗಳನ್ನು ಬರಿಗೈಯಲ್ಲಿ ಮುಟ್ಟಿ ರಂಧ್ರಕ್ಕೆ ತುಂಬುತ್ತಿದ್ದ ಕಾಲದಲ್ಲಿ, ಮಧ್ಯಾಹ್ನದ ಹೊತ್ತಿಗೆ ಕಪಾಳದ ನರಗಳು ಪಟಪಟ ಬಡಿದುಕೊಂಡು ತಲೆ ಸಿಡಿಯುತ್ತಿತ್ತು. ವಾರ ಕಳೆದರೆ ನೋವು ತಾನಾಗಿ ಕಡಿಮೆಯಾಗುತ್ತಿತ್ತು, ಹಬ್ಬಕ್ಕೆ ಊರಿಗೆ ಹೋಗಿ ಬಂದರೆ ಮತ್ತೆ ಮೊದಲಿನಂತೆ. ಈಗ ಎದೆನೋವಿಗೆ ಡಾಕ್ಟರು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಕೊಟ್ಟಿದ್ದಾರೆ. ಇಟ್ಟುಕೊಂಡಾಗ ಬರುವುದು ಅದೇ ಹಳೆಯ ತಲೆನೋವು. ಇದಕ್ಕೂ ಗಂಧಕದ ಕಥೆಗೂ ಸಂಬಂಧವುಂಟೇ?

ಬಳ್ಳಾರಿ ಅರಿವಳಿಕೆ ವೈದ್ಯೆ

ಹಿರಿಯರೇ, ತಮ್ಮ ಅನುಭವ ವೈದ್ಯಕೀಯ ಚರಿತ್ರೆಯಲ್ಲಿ ದಾಖಲಾಗಿರುವಂಥದ್ದೇ. ಸಿಡಿಮದ್ದಿನ ಕಾರ್ಖಾನೆಗಳಲ್ಲಿ ಅದನ್ನು ಸೋಮವಾರದ ಕಾಯಿಲೆ ಎಂದೇ ಕರೆಯುತ್ತಿದ್ದರು. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ ಅವರಿಗೂ ಕೊನೆಗಾಲದಲ್ಲಿ ಹೃದಯದ ನೋವಿಗೆ ವೈದ್ಯರು ನೈಟ್ರೋಗ್ಲಿಸರಿನ್ ಬರೆದುಕೊಟ್ಟಿದ್ದರು.

ಸಂಬಂಧ ಖಂಡಿತ ಇದೆ. ನೈಟ್ರೋಗ್ಲಿಸರಿನ್ ತಾನಾಗಿ ನೈಟ್ರಿಕ್ ಆಕ್ಸೈಡ್ ಬಿಡುವುದಿಲ್ಲ, ಅದನ್ನು ಯಾರಾದರೂ ಅಪಕರ್ಷಿಸಬೇಕು. ಮೈಟೋಕಾಂಡ್ರಿಯದ ಆಲ್ಡಿಹೈಡ್ ಡೀಹೈಡ್ರಾಜಿನೇಸ್ ಎಂಬ ಕಿಣ್ವ ಆ ಕೆಲಸ ಮಾಡುತ್ತದೆಂದು 2002ರಲ್ಲಿ ತೋರಿಸಿದರು. ಆ ಕಿಣ್ವದ ಕೆಲಸದ ಜಾಗದಲ್ಲಿರುವುದು ಸಿಸ್ಟೀನ್‌ನ ಥಯಾಲ್. ಪ್ರತಿ ಸುತ್ತಿನಲ್ಲೂ ಆ ಥಯಾಲ್ ಉತ್ಕರ್ಷಣಗೊಳ್ಳುತ್ತದೆ. ಮತ್ತೆ ಮೊದಲಿನ ಸ್ಥಿತಿಗೆ ಬರುವುದು ತಡವಾದರೆ ಕಿಣ್ವ ಸುಮ್ಮನಾಗುತ್ತದೆ. ತಮಗೆ ವಾರ ಕಳೆದಂತೆ ತಲೆನೋವು ಇಳಿಯುತ್ತಿದ್ದುದರಲ್ಲಿ ಇದರ ಪಾಲು ದೊಡ್ಡದು. ನೈಟ್ರೇಟ್ ಔಷಧಗಳನ್ನು ದಿನವೂ ತೆಗೆದುಕೊಳ್ಳುವವರಿಗೆ ದಿನದಲ್ಲಿ ಕೆಲವು ಗಂಟೆ ಬಿಡುವು ಬರುವಂತೆ ಹೊತ್ತು ಹೊಂದಿಸುವುದೂ ಇದಕ್ಕಾಗಿಯೇ. ಆದರೆ ದಯವಿಟ್ಟು ತಾವಾಗಿ ಏನನ್ನೂ ಬದಲಿಸಬೇಡಿ. ಸಿಲ್ಡೆನಫಿಲ್ (ವಯಾಗ್ರ) ಬಗೆಯ ಮಾತ್ರೆಗಳನ್ನಂತೂ ಇದರ ಜೊತೆ ಎಂದಿಗೂ ಸೇರಿಸಬಾರದು. ಅವು ಸೈಕ್ಲಿಕ್ ಜಿಎಂಪಿ ಒಡೆಯದಂತೆ ತಡೆಯುವುದರಿಂದ ರಕ್ತದೊತ್ತಡ ಪಾತಾಳಕ್ಕೆ ಇಳಿಯುತ್ತದೆ.

ರಾಯಚೂರು ಮಣ್ಣುವಿಜ್ಞಾನ

ಮಾತೆಲ್ಲ ರಕ್ತದ ಸುತ್ತಲೇ ಸುತ್ತುತ್ತಿದೆ, ನೈಟ್ರಿಕ್ ಆಕ್ಸೈಡ್, ಗಂಧಕ ಇವೆರಡೂ ಕೂಡಿ ಇರುವ ಇನ್ನೊಂದು ಜಾಗ ನಮ್ಮ ಕಾಲಡಿಯಲ್ಲೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಯಲ್ಲಿ ನೀರು ನಿಂತು ವಾರಗಳಾದ ಮೇಲೆ ಒಂದು ಬುಡವನ್ನು ಕಿತ್ತು ತೊಳೆದು ನೋಡಿ. ಬೇರು ಕಾವಿ ಬಣ್ಣದಲ್ಲಿದ್ದರೆ ಗಿಡಕ್ಕೆ ಆರೋಗ್ಯವಿದೆ. ಎಲೆಯಿಂದ ಇಳಿದ ಆಮ್ಲಜನಕ ಬೇರಿನ ಸುತ್ತ ಕಬ್ಬಿಣದ ತುಕ್ಕನ್ನು ಹೊದಿಸಿದೆ ಎಂದರ್ಥ. ಬೇರು ಕಪ್ಪಾಗಿ, ಕೈಗೆ ಕೊಳೆತ ಮೊಟ್ಟೆಯ ನಾತ ಹತ್ತಿದರೆ, ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡ್ ಆಗಿಸಿವೆ; ಆ ಕಪ್ಪು ಕಬ್ಬಿಣದ ಸಲ್ಫೈಡ್. ಕಬ್ಬಿಣ ಸಾಕಷ್ಟಿರುವ ಮಣ್ಣಿನಲ್ಲಿ ಅದು ಸಲ್ಫೈಡನ್ನು ಹಿಡಿದಿಟ್ಟು ಬೇರನ್ನು ಕಾಯುತ್ತದೆ; ಇಲ್ಲವಾದರೆ ಬೇರಿನ ಉಸಿರಾಟವೇ ಕಟ್ಟಿ, ಗೊಬ್ಬರ ಹಾಕಿದರೂ ಪೈರು ಹಳದಿಯಾಗುತ್ತದೆ. ನಡುವೆ ಒಮ್ಮೆ ಗದ್ದೆಯ ನೀರು ಬಸಿಯಬೇಕೆನ್ನುವುದು ಇದೇ ಕಾರಣಕ್ಕೆ. ಅದೇ ಕೆಸರಿನಲ್ಲಿ ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾಗಳು ಯೂರಿಯಾದಿಂದ ಬಂದ ನೈಟ್ರೇಟನ್ನು ನೈಟ್ರೈಟ್, ನೈಟ್ರಿಕ್ ಆಕ್ಸೈಡ್, ನೈಟ್ರಸ್ ಆಕ್ಸೈಡ್ ಎಂದು ಮೆಟ್ಟಿಲಿಳಿಸಿ ಸಾರಜನಕವಾಗಿ ಗಾಳಿಗೆ ಬಿಡುತ್ತಿರುತ್ತವೆ. ರೈತ ದುಡ್ಡು ಕೊಟ್ಟು ತಂದ ಗೊಬ್ಬರ ಹಾಗೆ ಹಾರಿಹೋಗುತ್ತದೆ ಎಂಬುದು ಬೇರೆ ಸಂಕಟ.

ಕುಷ್ಟಗಿ ಗೃಹಿಣಿ

ನಮ್ಮ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಹೆಚ್ಚಿದೆ ಎಂದು ವರದಿ ಬಂದಿದೆ. ನೈಟ್ರೇಟಿನಿಂದ ನೈಟ್ರಿಕ್ ಆಕ್ಸೈಡ್ ಆಗಿ ಬಿಪಿ ಇಳಿಯುತ್ತದೆ ಎಂದು ಮೊಬೈಲಿನಲ್ಲಿ ನೋಡಿದೆ. ಹಾಗಾದರೆ ಆ ನೀರು ಒಳ್ಳೆಯದೋ ಕೆಟ್ಟದ್ದೋ? ಮನೆಯಲ್ಲಿ ಆರು ತಿಂಗಳೂ ತುಂಬದ ಮೊಮ್ಮಗು ಇದೆ. ಹಾಗೆಯೇ ರೊಟ್ಟಿಗೆ ದಿನವೂ ಮಾಡುವ ಬಳ್ಳೊಳ್ಳಿ ಚಟ್ನಿಯೂ ಗಂಧಕದ್ದೇ ಎನ್ನುತ್ತಾರೆ, ನಿಜವೇ?

ಕೊಪ್ಪಳ ಸಂಶೋಧನಾ ವಿದ್ಯಾರ್ಥಿನಿ

ಅಕ್ಕ, ಮೊದಲು ಮಗುವಿನ ಮಾತು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಮಗುವಿಗೆ ಕೊಡಬೇಡಿ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ, ಕಡಿಮೆಯಾಗುವುದಿಲ್ಲ. ಮೈಯೊಳಗೆ ನೈಟ್ರೇಟ್ ನೈಟ್ರೈಟ್ ಆಗಿ ಹಿಮೋಗ್ಲೋಬಿನ್ ಅನ್ನು ಮೆಟ್‌ಹಿಮೋಗ್ಲೋಬಿನ್ ಆಗಿಸುತ್ತದೆ; ಎಳೆಯ ಮಕ್ಕಳಲ್ಲಿ ಅದನ್ನು ಮರಳಿ ಸರಿಪಡಿಸುವ ಕಿಣ್ವದ ಶಕ್ತಿ ಇನ್ನೂ ಕಡಿಮೆ ಇರುವುದರಿಂದ ತುಟಿ, ಉಗುರು ನೀಲಿಗಟ್ಟುತ್ತವೆ. ಇದನ್ನು ಬಾವಿಯ ನೀರಿಗೆ ಜೋಡಿಸಿ ಮೊದಲು ಬರೆದದ್ದು 1945ರಲ್ಲಿ, ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ.

ದೊಡ್ಡವರಲ್ಲಿ ಪಾಲಕ್, ರಾಜಗಿರಿ, ಬೀಟ್‌ರೂಟ್‌ಗಳ ನೈಟ್ರೇಟ್ ಲಾಲಾರಸಕ್ಕೆ ಬಂದು, ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳಿಂದ ನೈಟ್ರೈಟ್ ಆಗಿ, ಹೊಟ್ಟೆಯ ಆಮ್ಲದಲ್ಲಿ ಒಂದಿಷ್ಟು ನೈಟ್ರಿಕ್ ಆಕ್ಸೈಡ್ ಆಗುವುದು ನಿಜವೇ. ಅದು ಸೊಪ್ಪು ತಿನ್ನಲು ಕಾರಣವಾಗಲಿ, ಬೋರ್‌ವೆಲ್ ನೀರಿಗೆ ಸಮರ್ಥನೆಯಾಗುವುದು ಬೇಡ.

ಬಳ್ಳೊಳ್ಳಿಯ ಮಾತು ನಿಜ. ಎಸಳು ಇಡಿಯಾಗಿದ್ದಾಗ ಅದಕ್ಕೆ ಅಷ್ಟು ಘಾಟಿಲ್ಲ. ಕಲ್ಲಿನಲ್ಲಿ ಜಜ್ಜಿದಾಗ ಅಲೀನೇಸ್ ಕಿಣ್ವಕ್ಕೆ ಅಲಿಯಿನ್ ಸಿಕ್ಕಿ ಅಲಿಸಿನ್ ಆಗುತ್ತದೆ, ಅದರಿಂದ ಪಾಲಿಸಲ್ಫೈಡ್‌ಗಳಾಗುತ್ತವೆ. ಮನುಷ್ಯರ ಕೆಂಪು ರಕ್ತಕಣಗಳು ತಮ್ಮ ಗ್ಲುಟಾಥಯೋನ್ ನೆರವಿನಿಂದ ಇವುಗಳಿಂದ ಹೈಡ್ರೋಜನ್ ಸಲ್ಫೈಡ್ ಬಿಡಿಸಿಕೊಳ್ಳುತ್ತವೆಂದು 2007ರಲ್ಲಿ ಪ್ರಕಟವಾಯಿತು. ಆ ಅನಿಲವನ್ನು ದೇಹ ತಾನಾಗಿಯೂ ಸಿಸ್ಟೀನ್‌ನಿಂದ ತಯಾರಿಸುತ್ತದೆ. ಅದನ್ನು ತಯಾರಿಸುವ ಕಿಣ್ವಗಳಲ್ಲೊಂದನ್ನು ತೆಗೆದ ಇಲಿಗಳಲ್ಲಿ ರಕ್ತದೊತ್ತಡ ಏರಿದ್ದನ್ನು 2008ರಲ್ಲಿ ಕಂಡರು. ಇಷ್ಟರಿಂದ ಚಟ್ನಿ ಔಷಧವಾಗುವುದಿಲ್ಲ. ರುಚಿಗೆ ತಿನ್ನಿ, ಮಾತ್ರೆ ಬಿಡಬೇಡಿ.

ರಾಯಚೂರು ನಿವೃತ್ತ ಪ್ರಾಧ್ಯಾಪಕ

ಚರ್ಚೆ ಚೆನ್ನಾಗಿದೆ, ಆದರೆ ನೈಟ್ರೋಸೋಥಯಾಲ್‌ಗಳ ಬಗ್ಗೆ ಇಷ್ಟು ನಿಶ್ಚಿಂತೆ ನನಗಿಲ್ಲ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 93ನೆಯ ಸಿಸ್ಟೀನ್ ನೈಟ್ರಿಕ್ ಆಕ್ಸೈಡನ್ನು ಹೊತ್ತೊಯ್ದು, ಆಮ್ಲಜನಕ ಕಡಿಮೆಯಾದಲ್ಲಿ ಇಳಿಸುತ್ತದೆಂಬ ವಾದ 1996ರಲ್ಲಿ ಬಂದಾಗ ಬಹಳ ಸದ್ದಾಯಿತು. ಆ ಸಿಸ್ಟೀನ್ ಜಾಗದಲ್ಲಿ ಅಲನಿನ್ ಇಟ್ಟ ಇಲಿಗಳು ಏನೂ ಆಗದವರಂತೆ ಓಡಾಡಿಕೊಂಡಿವೆ ಎಂದು 2008ರಲ್ಲಿ ಒಂದು ಗುಂಪು ಬರೆಯಿತು. ಇಲ್ಲ, ಆಮ್ಲಜನಕದ ಕೊರತೆಯಲ್ಲಿ ಅವು ತಡೆದುಕೊಳ್ಳಲಾರವು ಎಂದು 2015ರಲ್ಲಿ ಮೊದಲಿನ ಪಕ್ಷದವರು ಬರೆದರು. ನೈಟ್ರಿಕ್ ಆಕ್ಸೈಡ್ ತಾಗಿದ ಪ್ರತಿ ಸಿಸ್ಟೀನೂ ಒಂದು ಸಂದೇಶ ಎಂದು ಓದುವವರ ಮೇಲೆ ನನಗೆ ನಂಬಿಕೆ ಕಡಿಮೆ. ಮಳೆ ಬಂದಾಗ ಎಲ್ಲ ಗೋಡೆಗಳೂ ನೆನೆಯುತ್ತವೆ, ಅದರಿಂದ ಮಳೆ ಗೋಡೆಗೆ ಏನೋ ಹೇಳಲು ಬಂತು ಎಂದಾಗುವುದಿಲ್ಲ.

ಕೊಪ್ಪಳ ಸಂಶೋಧನಾ ವಿದ್ಯಾರ್ಥಿನಿ

ಸರ್, ತಮ್ಮ ಆಕ್ಷೇಪದ ಅರ್ಧವನ್ನು ಒಪ್ಪುತ್ತೇನೆ. ಆದರೆ ನೈಟ್ರೋಸೋಗ್ಲುಟಾಥಯೋನ್ ಅನ್ನು ಒಡೆಯಲೆಂದೇ ಒಂದು ರಿಡಕ್ಟೇಸ್ ಕಿಣ್ವ ಬ್ಯಾಕ್ಟೀರಿಯಾದಿಂದ ಮನುಷ್ಯರವರೆಗೆ ಉಳಿದುಬಂದಿದೆ. ಗೋಡೆ ನೆನೆಯುವುದಷ್ಟೇ ಆಗಿದ್ದರೆ ಅದನ್ನು ಒರೆಸಲು ಇಷ್ಟು ಹಳೆಯ ಆಳು ಏಕೆ ಬೇಕಿತ್ತು?

ನನಗೆ ಹೆಚ್ಚು ಕುತೂಹಲವಿರುವುದು ನೈಟ್ರಿಕ್ ಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಎಂಬ ಎರಡು ಅನಿಲಗಳು ಎದುರಾದಾಗ ಆಗುವುದರ ಬಗ್ಗೆ. ರಕ್ತದ ಪಿಹೆಚ್ 7.4ರಲ್ಲಿ ಹೈಡ್ರೋಜನ್ ಸಲ್ಫೈಡ್‌ನ ಸುಮಾರು ಮುಕ್ಕಾಲು ಪಾಲು ಪ್ರೋಟಾನ್ ಕಳೆದುಕೊಂಡ ಅಯಾನಾಗಿರುತ್ತದೆ. ಅದು ನೈಟ್ರೋಸೋಥಯಾಲ್ ಮೇಲೆ ಬಿದ್ದಾಗ ಥಯೋನೈಟ್ರಸ್ ಆಮ್ಲವಾಗುತ್ತದೆ, ಅಂದರೆ ಸಾಧ್ಯವಿರುವ ನೈಟ್ರೋಸೋಥಯಾಲ್‌ಗಳಲ್ಲಿ ಅತಿ ಚಿಕ್ಕದು. 2012ರಲ್ಲಿ ಇದರ ಗುರುತನ್ನು ವಿವರವಾಗಿ ಪ್ರಕಟಿಸಿದರು. ಸಲ್ಫೈಡ್ ಹೆಚ್ಚಿದ್ದರೆ ದ್ರಾವಣ ಹಳದಿಗೆ ತಿರುಗಿ 412 ನ್ಯಾನೋಮೀಟರ್ ಬಳಿ ಬೆಳಕನ್ನು ಹೀರುತ್ತದೆ. ಆ ಹಳದಿ, ಎರಡು ಗಂಧಕಗಳಿಗೆ ನೈಟ್ರೋಸಿಲ್ ಕೂಡಿದ ನೈಟ್ರೋಸೋಪರ್ಸಲ್ಫೈಡ್ ಎಂದು ಒಂದು ಪಕ್ಷದವರ ವಾದ. ಜೀವಕೋಶದ ವಾತಾವರಣದಲ್ಲಿ ಅದು ಬಾಳುವುದೇ ಇಲ್ಲವೆಂದು ಇನ್ನೊಂದು ಪಕ್ಷದವರ ವಾದ.

ಸಿಂಧನೂರು ಉಪನ್ಯಾಸಕ

ಎಲ್ಲರಿಗೂ ಋಣಿ. ನಿನ್ನೆ ಮಕ್ಕಳಿಗೆ ಒಂದು ಪ್ರಯೋಗ ಮಾಡಿಸಿದೆ. ಮೊಟ್ಟೆಯ ಬಿಳಿಯನ್ನು ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಕುದಿಸಿ ತಣಿಸಿ ಎರಡು ಪಾಲು ಮಾಡಿದೆವು. ಒಂದಕ್ಕೆ ಲೆಡ್ ಅಸಿಟೇಟ್ ಹಾಕಿದಾಗ ಕಪ್ಪಾಯಿತು. ಇನ್ನೊಂದಕ್ಕೆ ನೈಟ್ರೋಪ್ರಸೈಡ್ ಹಾಕಿದರೆ ಏನೂ ಆಗಲಿಲ್ಲ. ಗಂಧಕ ಇದೆ ಎಂದು ಪಕ್ಕದ ಪ್ರನಾಳ ಹೇಳುತ್ತಿದೆ, ಇದು ಇಲ್ಲವೆನ್ನುತ್ತಿದೆ. ಆಗ ಬಾಟಲಿಯನ್ನು ಎತ್ತಿ ನೋಡಿದೆ. ಕಿಟಕಿಯ ಪಕ್ಕದ ಕಪಾಟಿನಲ್ಲಿ, ಬಿಳಿ ಗಾಜಿನ ಬಾಟಲಿಯಲ್ಲಿ, ಹೋದ ವರ್ಷ ಕರಗಿಸಿಟ್ಟ ದ್ರಾವಣ, ತಳದಲ್ಲಿ ನೀಲಿಗಟ್ಟಿತ್ತು. ಪ್ರತಿವರ್ಷ ಜನವರಿಯ ಹೊತ್ತಿಗೆ ಈ ಪರೀಕ್ಷೆ ಕೈಕೊಡುವಾಗಲೆಲ್ಲ ನಾನು ಸರಬರಾಜು ಮಾಡಿದವರನ್ನು ಬೈದುಕೊಂಡಿದ್ದೆ. ಹೊಸದಾಗಿ ಒಂದೆರಡು ಹರಳು ಕರಗಿಸಿ ಹಾಕಿದೊಡನೆ ನೇರಳೆ ಬಂತು, ಕೆಲವು ನಿಮಿಷ ನಿಂತು ಮಾಸಿತು. ಹರಳಿನ ಡಬ್ಬಿ ಈಗ ಕತ್ತಲೆಯ ಖಾನೆಯಲ್ಲಿದೆ, ಬೆಳ್ಳಿ ಕಾಗದವನ್ನು ನಮ್ಮ ಸಹಾಯಕರೇ ತಂದು ಸುತ್ತಿದರು.